ಗಾರ್ಫನ್ಯಾನದ ಕಲ್ಲುಮನೆ: ಕೊಳ್ಳುವ ಮುಂಚೆ ಕಾಗದ, ಕೊಂಡ ಮೇಲೆ ನೀರು

ಇಟಲಿಯ ಟಸ್ಕನಿಯ ವಾಯವ್ಯ ಮೂಲೆಯಲ್ಲಿ, ಅಪುವಾನ್ ಬೆಟ್ಟಗಳಿಗೂ ಎಪೆನೈನ್ ಸಾಲಿಗೂ ನಡುವೆ ಸೆರ್ಕಿಯೊ ನದಿಯ ಮೇಲ್ಕಣಿವೆ ಇದೆ. ಅದರ ಹೆಸರು ಗಾರ್ಫನ್ಯಾನ. ಚೆಸ್ಟ್‌ನಟ್ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಕಲ್ಲಿನ ಒಕ್ಕಲುಮನೆಗಳು ಪಾಳುಬಿದ್ದಿವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಕೆಳಗೆ ದನದ ಕೊಟ್ಟಿಗೆ, ಮೇಲೆ ಎರಡು ಮೂರು ಕೋಣೆ, ಹೊರಗಿನಿಂದ ಹತ್ತುವ ಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಮೆತಾತೊ ಎಂಬ ಪುಟ್ಟ ಕಟ್ಟಡ. ಮೆತಾತೊದ ಅಟ್ಟದ ಮೇಲೆ ಚೆಸ್ಟ್‌ನಟ್ ಕಾಯಿ ಹರಡಿ, ಕೆಳಗೆ ಸಣ್ಣ ಬೆಂಕಿ ಹಾಕಿ, ಸುಮಾರು 40 ದಿನ ಹೊಗೆಯಲ್ಲಿ ಒಣಗಿಸಿ, ಆಮೇಲೆ ಹಿಟ್ಟು ಮಾಡಿಸುತ್ತಿದ್ದರು. ಬೆಟ್ಟದ ಜನಕ್ಕೆ ಚಳಿಗಾಲದ ಅನ್ನ ಅದೇ.

ಒಕ್ಕಲುಗಳು ಸ್ಕಾಟ್ಲೆಂಡಿಗೆ, ಬ್ರೆಜಿಲ್‌ಗೆ, ಅಮೆರಿಕಕ್ಕೆ, ಇಲ್ಲವೇ ಕೆಳಗಿನ ಕಾರ್ಖಾನೆ ಊರುಗಳಿಗೆ ಹೋದ ಮೇಲೆ ಈ ಮನೆಗಳು ಖಾಲಿಯಾದವು. ಈಗ ಜಾಹೀರಾತಿನಲ್ಲಿ ಕಾಣುವ ಬೆಲೆ ಬೆಂಗಳೂರಿನ ಒಂದು ಸೈಟಿಗಿಂತ ಎಷ್ಟೋ ಕಡಿಮೆ. ಆದರೆ ಮನೆಯ ಬೆಲೆ ಇಡೀ ಖರ್ಚಿನ ಸಣ್ಣ ಭಾಗ. ಪೂರ್ತಿ ದುರಸ್ತಿಗೆ ಚದರ ಮೀಟರಿಗೆ 1,500ರಿಂದ 2,500 ಯೂರೊ ಎಂದು ಹಿಡಿದುಕೊಂಡೇ ಲೆಕ್ಕ ಶುರುಮಾಡಬೇಕು. 120 ಚದರ ಮೀಟರಿನ ಮನೆಗೆ ಅದು 1,80,000ದಿಂದ 3,00,000 ಯೂರೊ ಆಗುತ್ತದೆ. ಇಷ್ಟು ಹಣ ಹಾಕುವವರು ಎರಡು ವಿಷಯಗಳನ್ನು ಅರ್ಥಮಾಡಿಕೊಂಡಿರಬೇಕು. ಮೊದಲನೆಯದು ಕಾಗದ, ಎರಡನೆಯದು ನೀರು. ಅಲ್ಲಿ ಕೈಸುಟ್ಟುಕೊಂಡವರ ಕಥೆಗಳನ್ನು ಕೆದಕಿದರೆ ಹೆಚ್ಚಿನವು ಇವೆರಡರಲ್ಲಿ ಒಂದಕ್ಕೆ ಬಂದು ನಿಲ್ಲುತ್ತವೆ.

ಮಾರುವವರು ನಿಜವಾಗಿ ಎಷ್ಟು ಜನ?

ನಮ್ಮಲ್ಲಿ ಪಹಣಿಯಲ್ಲಿ ಹೆಸರು ನೋಡಿ ಜಮೀನು ಅವರದ್ದೇ ಎಂದು ನಂಬಿ ಮೋಸಹೋಗುವವರು ಇದ್ದಾರಲ್ಲ, ಇಟಲಿಯಲ್ಲೂ ಅದೇ ಗುಂಡಿ ಇದೆ. ಅಲ್ಲಿ ಕತಾಸ್ತೊ ಎಂಬ ದಾಖಲೆ ಇದೆ. ನಕ್ಷೆಯ ಹಾಳೆ ಸಂಖ್ಯೆ, ತುಂಡಿನ ಸಂಖ್ಯೆ, ಮಾಲೀಕರ ಹೆಸರು ಎಲ್ಲ ಅದರಲ್ಲಿರುತ್ತವೆ. ಆದರೆ ಅದು ತೆರಿಗೆಗಾಗಿ ಇಟ್ಟ ದಾಖಲೆ, ಒಡೆತನಕ್ಕೆ ಪುರಾವೆಯಲ್ಲ. ಹಿಂದೆ ಆಸ್ಟ್ರಿಯಾದ ಕೈಲಿದ್ದ ತ್ರೆಂತಿನೊ, ಆಲ್ತೊ ಆದಿಜೆಯಂಥ ಕಡೆ ಮಾತ್ರ ಬೇರೆ ಪದ್ಧತಿಯ ಭೂಪುಸ್ತಕ ಇದ್ದು, ಅದಕ್ಕೆ ಪುರಾವೆಯ ಬಲವಿದೆ. ಗಾರ್ಫನ್ಯಾನದಲ್ಲಿ ಒಡೆತನ ಸಾಬೀತಾಗುವುದು ಕ್ರಯಪತ್ರದಿಂದ ಮತ್ತು ಅದು ಸ್ಥಿರಾಸ್ತಿ ನೋಂದಣಿ ಕಚೇರಿಯಲ್ಲಿ ದಾಖಲಾಗಿರುವುದರಿಂದ. ನಮ್ಮ ಋಣಭಾರ ಪತ್ರ ತೆಗೆಸುವ ಹಾಗೆ ಹಿಂದಿನ 20 ವರ್ಷದ ದಾಖಲೆಯನ್ನಾದರೂ ತೆಗೆಸಿ ನೋಡಬೇಕು.

ಹೀಗೆ ನೋಡಿದಾಗ ಹೆಚ್ಚಾಗಿ ಸಿಗುವ ತೊಡಕು ಪೌತಿ ಖಾತೆಯದ್ದು. ಅಜ್ಜ ತೀರಿಕೊಂಡಾಗ ವಾರಸುದಾರಿಕೆಯ ಕಾಗದ ಮಾಡಿಸಿಲ್ಲ, ಮಕ್ಕಳಲ್ಲಿ ಒಬ್ಬರು ಗ್ಲಾಸ್ಗೋದಲ್ಲಿ, ಇನ್ನೊಬ್ಬರ ಮೊಮ್ಮಕ್ಕಳು ಸಾವೊ ಪಾವ್ಲೊದಲ್ಲಿ. ಮನೆಯಲ್ಲಿ ಹತ್ತು ಹನ್ನೆರಡು ಜನಕ್ಕೆ ಪಾಲಿರುವುದು ಅಲ್ಲಿ ಅಪರೂಪವಲ್ಲ. ಒಬ್ಬರು ಸಹಿ ಹಾಕದಿದ್ದರೂ ಇಡೀ ಮನೆ ನಿಮ್ಮ ಹೆಸರಿಗೆ ಬರುವುದಿಲ್ಲ. ‘ನಾವೇ ಮೊದಲಿನಿಂದ ಅನುಭವಿಸಿಕೊಂಡು ಬಂದಿದ್ದೇವೆ’ ಎಂಬ ಮಾತಿಗೆ ಇಟಲಿಯ ಸಿವಿಲ್ ಸಂಹಿತೆಯಲ್ಲಿ ಜಾಗ ಇದೆ. 20 ವರ್ಷ ತಡೆಯಿಲ್ಲದೆ ಅನುಭವದಲ್ಲಿದ್ದರೆ ಹಕ್ಕು ಬರುತ್ತದೆ. ಆದರೆ ನ್ಯಾಯಾಲಯದ ತೀರ್ಪು ಕೈಗೆ ಬರುವ ತನಕ ಅದು ಬರೀ ಮಾತು. ಆ ಮಾತಿನ ಮೇಲೆ ಮುಂಗಡ ಕೊಡಬಾರದು.

ಇನ್ನೊಂದು ಅಪಾಯ ಪಕ್ಕದ ಹೊಲದವನಿಂದ. ಮನೆಯ ಜೊತೆ ಕೃಷಿಭೂಮಿಯೂ ಬರುತ್ತಿದ್ದು, ಅದಕ್ಕೆ ಅಂಟಿದ ಹೊಲದ ಒಡೆಯ ಸ್ವತಃ ಉಳುವ ರೈತನಾಗಿದ್ದರೆ, ಆ ಭೂಮಿಯನ್ನು ಮೊದಲು ಕೊಳ್ಳುವ ಹಕ್ಕು ಅವನದು. 1965 ಮತ್ತು 1971ರ ಎರಡು ಕಾನೂನುಗಳು ಇದನ್ನು ಕೊಟ್ಟಿವೆ. ಮಾರುವವರು ಅವನಿಗೆ ಕರಾರಿನ ಪ್ರತಿಯೊಂದಿಗೆ ನೋಟಿಸ್ ಕೊಡಬೇಕು, ಅವನು 30 ದಿನದೊಳಗೆ ಹೇಳಬೇಕು. ನೋಟಿಸ್ ಕೊಡದೆ ಮಾರಿದರೆ, ಕ್ರಯ ದಾಖಲಾದ ಒಂದು ವರ್ಷದೊಳಗೆ ಅವನು ಬಂದು ಪತ್ರದಲ್ಲಿ ಬರೆದಿರುವ ಬೆಲೆಗೇ ಭೂಮಿಯನ್ನು ನಿಮ್ಮಿಂದ ಬಿಡಿಸಿಕೊಳ್ಳಬಹುದು. ತೆರಿಗೆ ಉಳಿಸಲು ಬೆಲೆ ಕಡಿಮೆ ತೋರಿಸಿದವರು ಇಲ್ಲಿ ಎರಡು ಸಲ ಪೆಟ್ಟು ತಿನ್ನುತ್ತಾರೆ. ಪಕ್ಕದವರಿಂದ ‘ನಮಗೆ ಬೇಡ’ ಎಂಬ ಬರಹ ಪಡೆದೇ ಮುಂದಕ್ಕೆ ಹೋಗಬೇಕು.

ದಾರಿಯ ಹಕ್ಕನ್ನೂ ಇದೇ ಹೊತ್ತಿಗೆ ನೋಡಿ. ಕಾರು ಹೋಗುತ್ತದೆ ಎಂದ ಮಾತ್ರಕ್ಕೆ ಕಾರು ಹೋಗುವ ಹಕ್ಕು ಇದೆ ಎಂದಲ್ಲ. ಪತ್ರದಲ್ಲಿ ಬರೀ ಕಾಲುದಾರಿ ಅಂತ ಇರಬಹುದು. ಸುತ್ತ ಬೇರೆಯವರ ಜಮೀನಿದ್ದು ದಾರಿಯೇ ಇಲ್ಲದ ಮನೆಗೆ ನ್ಯಾಯಾಲಯದ ಮೂಲಕ ದಾರಿ ಪಡೆಯಬಹುದು, ಆದರೆ ಪರಿಹಾರ ಕೊಟ್ಟು, ವರ್ಷಗಟ್ಟಲೆ ಕಾದು. ದಾರಿಯ ಅಗಲಕ್ಕೂ ನಿಮ್ಮ ಖರ್ಚಿಗೂ ನೇರ ನಂಟಿದೆ. ಅದು ಹೇಗೆ ಎಂಬುದು ಗಾರೆಯ ಲೆಕ್ಕಕ್ಕೆ ಬಂದಾಗ ಗೊತ್ತಾಗುತ್ತದೆ.

ಸರ್ಕಾರದ ಕಣ್ಣಲ್ಲಿ ಅದು ಮನೆಯೋ, ಕಲ್ಲಿನ ರಾಶಿಯೋ

ಕತಾಸ್ತೊದಲ್ಲಿ ಪ್ರತಿ ಕಟ್ಟಡಕ್ಕೂ ಒಂದು ವರ್ಗ ಇರುತ್ತದೆ. ‘ಎ’ಯಿಂದ ಶುರುವಾದರೆ ವಾಸದ ಮನೆ (ಎ/10 ಮಾತ್ರ ಕಚೇರಿ). ಸಿ/2 ಅಂದರೆ ಉಗ್ರಾಣ, ಸಿ/6 ಅಂದರೆ ಕೊಟ್ಟಿಗೆ ಅಥವಾ ಗ್ಯಾರೇಜು, ಎಫ್/2 ಅಂದರೆ ಕುಸಿಯುತ್ತಿರುವ ಕಟ್ಟಡ. ಕೊಟ್ಟಿಗೆಯನ್ನು ಮನೆ ಮಾಡಲು ಬಳಕೆ ಬದಲಾವಣೆಯ ಅನುಮತಿ ಬೇಕು. ಅದು ಸಿಗುತ್ತದೋ ಇಲ್ಲವೋ ಎಂಬುದು ಆಯಾ ಪುರಸಭೆಯ ಯೋಜನೆಯ ಮೇಲೆ ನಿಂತಿದೆ. ‘ಎಲ್ಲರೂ ಮಾಡಿಸಿಕೊಂಡಿದ್ದಾರೆ’ ಎಂಬ ದಲ್ಲಾಳಿಯ ಮಾತಿಗೆ ಬೆಲೆ ಕೊಡಬೇಡಿ, ಪುರಸಭೆಯ ತಾಂತ್ರಿಕ ಕಚೇರಿಯನ್ನೇ ಕೇಳಿಸಿ.

ಇಟಲಿಯಲ್ಲಿ ಮನೆ ಕಟ್ಟಲು ಎಲ್ಲೆಡೆ ಅನುಮತಿ ಕಡ್ಡಾಯವಾದದ್ದು 1967ರ ಸೆಪ್ಟೆಂಬರ್ 1ರಿಂದ. ಹಳೆಯ ಒಕ್ಕಲುಮನೆ ಅದಕ್ಕಿಂತ ಹಿಂದಿನದು, ಸರಿ. ಆದರೆ 1970ರ ದಶಕದಲ್ಲಿ ಹಿಂದೆ ಸೇರಿಸಿದ ಬಚ್ಚಲು, ಅಗಲ ಮಾಡಿದ ಕಿಟಕಿ, ಶೀಟಿನ ಮಾಡು ಇವಕ್ಕೆ ಅನುಮತಿ ಇರಬೇಕು. ಇಲ್ಲದಿದ್ದರೆ ಮುಂದೆ ನೀವು ಹಾಕುವ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆ ಶೀಟು ಆಸ್ಬೆಸ್ಟಾಸ್‌ನದ್ದಾಗಿರುವ ಸಾಧ್ಯತೆಯೂ ಉಂಟು. ಇಟಲಿ ಅದನ್ನು 1992ರಲ್ಲಿ ನಿಷೇಧಿಸಿತು. ತೆಗೆಯುವ ಕೆಲಸ ಪರವಾನಗಿ ಇರುವವರದೇ, ಅದರ ಬಿಲ್ಲೇ ಬೇರೆ.

ಮಾಡು ಕುಸಿದು ಗೋಡೆ ಅರ್ಧ ನಿಂತಿರುವ ಕಟ್ಟಡವನ್ನೂ ಮತ್ತೆ ಎಬ್ಬಿಸಬಹುದು. ಅದು ಮೊದಲು ಎಷ್ಟು ಎತ್ತರ, ಎಷ್ಟು ಅಗಲ ಇತ್ತು ಎಂದು ಸಾಬೀತುಮಾಡಬೇಕು, ಅಷ್ಟೆ. ಹಳೆಯ ಫೋಟೊ, ಕತಾಸ್ತೊ ನಕ್ಷೆ, ನಿಂತಿರುವ ಮೂಲೆಗಳು, ತೊಲೆ ಕೂರಿಸಿದ್ದ ಗೂಡುಗಳು ಇವೇ ಸಾಕ್ಷಿ. ಆದ್ದರಿಂದ ಕೊಂಡ ಉತ್ಸಾಹದಲ್ಲಿ ‘ಸ್ವಚ್ಛ ಮಾಡೋಣ’ ಎಂದು ಕಲ್ಲು ಎತ್ತಿಹಾಕಬೇಡಿ. ಅಳತೆ ತೆಗೆಯುವ ಮೊದಲೇ ಉಳಿದ ಗೋಡೆ ಕೆಡವಿದವರು ಮತ್ತೆ ಕಟ್ಟುವ ಹಕ್ಕನ್ನೇ ಕೆಡವಿಕೊಂಡ ಹಾಗೆ.

ಮನೆಯ ಸುತ್ತಿನ ಭೂಮಿಗೂ ಹೀಗೊಂದು ತಿರುವು ಇದೆ. ಉಳುಮೆ ಬಿಟ್ಟ ಹೊಲದಲ್ಲಿ ಮರ ತಾನಾಗಿ ಬೆಳೆದು 2,000 ಚದರ ಮೀಟರ್ ವಿಸ್ತಾರ, 20 ಮೀಟರ್ ಸರಾಸರಿ ಅಗಲ, ಶೇ. 20ಕ್ಕಿಂತ ಹೆಚ್ಚು ನೆರಳು ಮುಟ್ಟಿದರೆ 2018ರ ಅರಣ್ಯ ಸಂಹಿತೆಯ ಪ್ರಕಾರ ಅದು ಕಾಡು ಎನಿಸಬಹುದು. ಕಾಡು ಅಂದಮೇಲೆ 2004ರ ಭೂದೃಶ್ಯ ಸಂಹಿತೆ ಬಂದು ಕೂರುತ್ತದೆ. ಎಪೆನೈನ್‌ನಲ್ಲಿ 1,200 ಮೀಟರ್, ಆಲ್ಪ್ಸ್‌ನಲ್ಲಿ 1,600 ಮೀಟರ್‌ಗಿಂತ ಮೇಲಿನ ಜಾಗ, ನದಿ ತೊರೆಗಳ ದಡದಿಂದ 150 ಮೀಟರ್ ಒಳಗಿನ ಜಾಗ, ಉದ್ಯಾನಗಳು, ಇವೂ ಅದೇ ಸಂಹಿತೆಯ ಕೆಳಗೆ ಬರುತ್ತವೆ. ಮನೆಯ ಹೊರಮೈ ಬದಲಾಯಿಸುವ ಕೆಲಸಕ್ಕೆ ಭೂದೃಶ್ಯ ಅನುಮತಿ, ಮಣ್ಣು ಅಗೆಯುವ ಕೆಲಸಕ್ಕೆ 1923ರಿಂದ ಜಾರಿಯಲ್ಲಿರುವ ಜಲ-ಭೂ ರಕ್ಷಣೆಯ ಅನುಮತಿ ಬೇಕಾಗಬಹುದು. ಜೊತೆಗೆ ಭೂಕಂಪದ ಲೆಕ್ಕ. 1920ರ ಸೆಪ್ಟೆಂಬರ್ 7ರಂದು ಈ ಸೀಮೆಯನ್ನು ಭೂಕಂಪ ನೆಲಸಮ ಮಾಡಿತ್ತು. ಈಗ ಇದು ಭೂಕಂಪದ ಅಪಾಯದ ಪಟ್ಟಿಯಲ್ಲಿ 2ನೇ ವಲಯದಲ್ಲಿದೆ (1ನೆಯದು ಅತಿ ಅಪಾಯದ್ದು). ಗೋಡೆ, ಮಾಡು, ಅಟ್ಟ ಮುಟ್ಟುವ ಯಾವ ಕೆಲಸವೂ ಎಂಜಿನಿಯರ್ ನಕ್ಷೆ ಪ್ರಾಂತೀಯ ಕಚೇರಿ ಸೇರುವ ತನಕ ಶುರುವಾಗುವಂತಿಲ್ಲ.

ಇದನ್ನೆಲ್ಲ ನೋಡಿಕೊಡುವವರು ಜೆಯೊಮೆತ್ರಾ. ನಮ್ಮ ಸರ್ವೇಯರ್, ನಕ್ಷೆ ಬರೆಯುವವರು, ಕಚೇರಿ ಓಡಾಟದವರು ಮೂವರೂ ಸೇರಿದ ಹಾಗೊಂದು ವೃತ್ತಿ. ನಿಮ್ಮದೇ ಜೆಯೊಮೆತ್ರಾ ಇರಲಿ. ಮಾರುವವರ ಕಡೆಯವರೋ ದಲ್ಲಾಳಿ ತೋರಿಸಿದವರೋ ಬೇಡ. ಕರಾರಿಗೆ ಮುಂಚೆ ಅವರಿಂದ ಬರಹದಲ್ಲಿ ವರದಿ ಪಡೆಯಿರಿ. ಕ್ರಯಪತ್ರ ಬರೆಯುವ ನೊತಾಯೊ ಒಡೆತನವನ್ನೂ ಸಾಲವನ್ನೂ ಪರಿಶೀಲಿಸುತ್ತಾರೆ, ಆದರೆ ಬೆಟ್ಟ ಹತ್ತಿ ಬಂದು ನಕ್ಷೆಯಲ್ಲಿರುವ ಕಿಟಕಿ ಗೋಡೆಯಲ್ಲಿದೆಯೇ ಎಂದು ನೋಡುವುದಿಲ್ಲ. ಈ ಒಂದು ವರದಿಗೆ ಹಣ ಉಳಿಸಿದ್ದಕ್ಕೆ ಪಶ್ಚಾತ್ತಾಪ ಪಟ್ಟಷ್ಟು ಜನ ಬೇರೆ ಯಾವುದಕ್ಕೂ ಪಡುವುದಿಲ್ಲ.

ಕರಾರು, ಕ್ರಯ, ತೆರಿಗೆ

ಮೊದಲು 16 ಅಕ್ಷರ-ಅಂಕಿಗಳ ತೆರಿಗೆ ಗುರುತು ಸಂಖ್ಯೆ ಬೇಕು. ಇಟಲಿಯ ಕಂದಾಯ ಕಚೇರಿಯಲ್ಲಿ ಅಥವಾ ಕಾನ್ಸುಲೇಟ್ ಮೂಲಕ ಸಿಗುತ್ತದೆ. ಆಮೇಲೆ ಕೊಂಪ್ರೊಮೆಸ್ಸೊ, ಅಂದರೆ ಕರಾರುಪತ್ರ. ಆಗ ಕೊಡುವ ಮುಂಗಡದ ಹೆಸರು ಕಪಾರ್ರಾ. ನೀವು ಹಿಂದೆ ಸರಿದರೆ ಅದು ಹೋಯಿತು, ಅವರು ಹಿಂದೆ ಸರಿದರೆ ದುಪ್ಪಟ್ಟು ಕೊಡಬೇಕು. ಕರಾರಿನಲ್ಲಿ ಷರತ್ತುಗಳನ್ನು ಬಿಡಿಸಿ ಬರೆಸಿ: ವಾರಸುದಾರರೆಲ್ಲರ ಕಾಗದ ಸರಿಯಾಗುವುದು, ಪಕ್ಕದ ರೈತನ ಒಪ್ಪಿಗೆ, ಅನುಮತಿಯಿಲ್ಲದ ಭಾಗ ಸಕ್ರಮವಾಗುವುದು. ಕರಾರನ್ನು 30 ದಿನದೊಳಗೆ ತೆರಿಗೆಗಾಗಿ ನೋಂದಾಯಿಸಬೇಕು. ಆದರೆ ಬರೀ ಆ ನೋಂದಣಿ ನಿಮ್ಮನ್ನು ಕಾಯುವುದಿಲ್ಲ. ನೊತಾಯೊ ಎದುರು ಸಹಿ ಮಾಡಿ ಸ್ಥಿರಾಸ್ತಿ ದಾಖಲೆಗೂ ಹತ್ತಿಸಿದರೆ ಮಾತ್ರ, ನಡುವೆ ಬೇರೆಯವರಿಗೆ ಮಾರಿದರೂ ಸಾಲ ಬಿದ್ದರೂ ನಿಮ್ಮ ಹಕ್ಕು ಮುಂದಿರುತ್ತದೆ. 2017ರ ಕಾನೂನಿನ ಪ್ರಕಾರ ಕ್ರಯದ ಹಣವನ್ನು ದಾಖಲಾತಿ ಮುಗಿಯುವ ತನಕ ನೊತಾಯೊ ಬಳಿ ಇಡಿಸುವುದಕ್ಕೂ ಅವಕಾಶವಿದೆ. ಕೇಳಿಕೊಂಡವರಿಗೆ ಮಾತ್ರ.

ಖಾಸಗಿಯವರಿಂದ ಕೊಳ್ಳುವಾಗ ನೋಂದಣಿ ತೆರಿಗೆ ಶೇ. 9. ಅಲ್ಲೇ ವಾಸ್ತವ್ಯ ಮಾಡುವ ಮೊದಲ ಮನೆಗೆ ಶೇ. 2, ಆದರೆ 18 ತಿಂಗಳೊಳಗೆ ಆ ಪುರಸಭೆಗೆ ವಾಸ ಬದಲಿಸಬೇಕು. ಎರಡಕ್ಕೂ ಕನಿಷ್ಠ 1,000 ಯೂರೊ. ವಾಸದ ವರ್ಗದ ಮನೆಯಾದರೆ ತೆರಿಗೆಯನ್ನು ಬೆಲೆಯ ಮೇಲಲ್ಲ, ಕತಾಸ್ತೊ ಮೌಲ್ಯದ ಮೇಲೆ ಹಾಕಿಸಿಕೊಳ್ಳಬಹುದು. ಕತಾಸ್ತೊದಲ್ಲಿ ಬಾಡಿಗೆ ಮೌಲ್ಯ 300 ಯೂರೊ ಎಂದಿದ್ದರೆ 126ರಿಂದ ಗುಣಿಸಿ 37,800, ಅದರ ಶೇ. 9 ಅಂದರೆ 3,402 ಯೂರೊ. ಎಫ್/2 ವರ್ಗದ ಪಾಳುಮನೆಗೆ ಬಾಡಿಗೆ ಮೌಲ್ಯವೇ ಇರುವುದಿಲ್ಲವಾದ್ದರಿಂದ ಈ ಸೌಲಭ್ಯವೂ ಇಲ್ಲ. ರೈತರಲ್ಲದವರಿಗೆ ಕೃಷಿಭೂಮಿಯ ಮೇಲೆ ಶೇ. 15. ಇಟಲಿ ಭಾಷೆ ಬರದವರು ಸಹಿ ಮಾಡುವಾಗ ದುಭಾಷಿ ಮತ್ತು ಎರಡು ಭಾಷೆಯ ಪತ್ರ ಬೇಕಾಗುತ್ತದೆ. ಆ ಖರ್ಚನ್ನೂ ದಲ್ಲಾಳಿಯ ಶೇ. 3-4ನ್ನೂ ಮರೆಯಬೇಡಿ. ದಲ್ಲಾಳಿ ಎರಡೂ ಕಡೆಯವರಿಂದ ತೆಗೆದುಕೊಳ್ಳುತ್ತಾನೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಮಾತು. ಇಟಲಿಯ ವಾಸದ ಪರವಾನಗಿ ಇದ್ದರೆ ಕೊಳ್ಳಲು ತೊಡಕಿಲ್ಲ. ಇಲ್ಲದಿದ್ದರೆ ‘ನಿಮ್ಮ ದೇಶದಲ್ಲಿ ನಮ್ಮವರು ಕೊಳ್ಳಬಹುದಾದರೆ ನಮ್ಮಲ್ಲಿ ನೀವು’ ಎಂಬ ಪರಸ್ಪರತೆಯ ನಿಯಮ ಅಡ್ಡ ಬರಬಹುದು. ಇದನ್ನು ಮುಂಗಡಕ್ಕೆ ಮುಂಚೆಯೇ ನೊತಾಯೊ ಬಳಿ ಬರಹದಲ್ಲಿ ಕೇಳಿ. ಭಾರತದಿಂದ ಹಣ ಕಳಿಸುವುದಾದರೆ ರಿಸರ್ವ್ ಬ್ಯಾಂಕಿನ ಉದಾರ ರವಾನೆ ಯೋಜನೆಯಲ್ಲಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಆಸ್ತಿಯನ್ನು ವರ್ಷವರ್ಷದ ಆದಾಯ ತೆರಿಗೆ ವಿವರದ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಮನೆ ಕೊಂಡ ಮಾತ್ರಕ್ಕೆ ಅಲ್ಲಿ ಇರುವ ಹಕ್ಕು ಬರುವುದಿಲ್ಲ. ಷೆಂಗನ್ ವೀಸಾದಲ್ಲಿ 180 ದಿನಕ್ಕೆ 90 ದಿನವೇ.

ಮಳೆ ಬಂದು, ಹಿಂದೆಯೇ ಹಿಮ ಬಂದರೆ

ಅಪುವಾನ್ ಬೆಟ್ಟಗಳು ಇಟಲಿಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಕೆಲವು ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಮಲೆನಾಡಿನವರಿಗೆ ಆ ಅಂಕಿ ಹೊಸದಲ್ಲ. ವ್ಯತ್ಯಾಸ ಇರುವುದು ಕಾಲದಲ್ಲಿ. ನಮ್ಮಲ್ಲಿ ಮಳೆ ಮುಗಿದ ಮೇಲೆ ಬಿಸಿಲು ಬಂದು ಗೋಡೆ ಒಣಗಿಸುತ್ತದೆ. ಅಲ್ಲಿ ದೊಡ್ಡ ಮಳೆ ಅಕ್ಟೋಬರ್-ನವೆಂಬರ್‌ನಲ್ಲಿ ಬಂದು, ನೆನೆದ ಗೋಡೆ ಹಾಗೇ ಜನವರಿಯ ಹಿಮಕ್ಕೆ ಸಿಕ್ಕುತ್ತದೆ. ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ, ಕಲ್ಲಿನ ಮುಖವನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಈ ಒಂದು ಕಾರಣದಿಂದಲೇ ಕೆಲಸದ ಸರದಿ ಹೀಗಿರಬೇಕು: ಮೊದಲು ಮಾಡು, ಆಮೇಲೆ ಗೋಡೆಯ ಬುಡದ ನೀರು, ಆಮೇಲೆ ಗೋಡೆ. ಅಡುಗೆಮನೆಯ ಟೈಲ್ಸ್ ಕೊನೆಗೆ.

100 ಚದರ ಮೀಟರಿನ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಮಾಡಿನಂಚಿನಲ್ಲಿ ನೀರು ಹಿಡಿಯುವ ದೋಣಿ ಇಲ್ಲದ ಮನೆಯಲ್ಲಿ ಅದೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತದೆ. ಈ ಮನೆಗಳು ಇಳಿಜಾರಿನಲ್ಲಿ, ಹಿಂದಿನ ಗೋಡೆ ಅರ್ಧ ಮಣ್ಣಿಗೆ ಆತುಕೊಂಡು ಇರುತ್ತವೆ. ಹಾಗಾಗಿ ಮೇಲಿನ ಬದಿಯಲ್ಲಿ ಉದ್ದಕ್ಕೂ ಕಾಲುವೆ ತೋಡಿ, ಒಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿರುವ ಪೈಪು ಇಟ್ಟು, ತೊಳೆದ ಜಲ್ಲಿ ತುಂಬಿ, ಮನೆಯ ಎರಡೂ ಪಕ್ಕಕ್ಕೆ ಸುತ್ತಿಸಿ ಕೆಳಕ್ಕೆ ಬಿಡುತ್ತಾರೆ. ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ: ಪಾಯದ ತಳಕ್ಕಿಂತ ಕೆಳಕ್ಕೆ ಅಗೆಯುವುದು. ಹಳೆಯ ಪಾಯ ಎಷ್ಟೋ ಕಡೆ ಮೊಣಕಾಲುದ್ದ ಮಾತ್ರ ಇರುತ್ತದೆ. ಅದಕ್ಕಿಂತ ಆಳ ಹೋದ ಕಾಲುವೆ ಮೊದಲ ಮಳೆಗೇ ಗೋಡೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮೊದಲು ಎರಡು ಮೂರು ಕಡೆ ಗುಂಡಿ ತೋಡಿ ಪಾಯದ ಆಳ ನೋಡಿ. ಕಾಲುವೆಯನ್ನು ಗೋಡೆಯಿಂದ ತುಸು ದೂರ ಇಟ್ಟು, ಒಂದೇ ದಿನ ಉದ್ದಕ್ಕೂ ತೆರೆಯದೆ ತುಂಡುತುಂಡಾಗಿ ಮಾಡಿಸಿ.

ಗೋಡೆಯ ವಿಚಾರ. 50ರಿಂದ 70 ಸೆಂಟಿಮೀಟರ್ ದಪ್ಪ ಎಂದು ನೋಡಿ ಭದ್ರ ಅಂದುಕೊಳ್ಳುತ್ತೇವೆ. ಬಿಚ್ಚಿ ನೋಡಿದರೆ ಹೊರಗೊಂದು, ಒಳಗೊಂದು ಕಲ್ಲಿನ ಪದರ, ನಡುವೆ ಚೂರುಕಲ್ಲು, ಮಣ್ಣು, ಒಂದಿಷ್ಟು ಸುಣ್ಣ. ಎರಡು ಪದರಗಳನ್ನು ಹಿಡಿದಿಡುವುದು ಈ ಬದಿಯಿಂದ ಆ ಬದಿಗೆ ಅಡ್ಡ ಹಾಯುವ ಉದ್ದ ಕಲ್ಲುಗಳು. ಅವು ಕಡಿಮೆ ಇದ್ದು ನಡುವಿನ ಮಣ್ಣು ನೀರಿಗೆ ತೊಳೆದು ಹೋದರೆ ಹೊರಪದರ ಹೊಟ್ಟೆಯ ಹಾಗೆ ಉಬ್ಬುತ್ತದೆ. ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದಾಗ ಟೊಳ್ಳು ಸದ್ದು ಬಂದರೆ ಅದೇ ರೋಗ. ಬಿರುಕುಗಳನ್ನೂ ಓದಲು ಕಲಿಯಬೇಕು. ಮೂಲೆಯ ಹತ್ತಿರ ನೆಟ್ಟಗೆ ಏರಿ, ಮೇಲೆ ಹೋದಂತೆ ಅಗಲವಾಗುವ ಬಿರುಕು ಗೋಡೆ ಹೊರಕ್ಕೆ ವಾಲುತ್ತಿದೆ ಎನ್ನುತ್ತದೆ, ಹೆಚ್ಚಾಗಿ ಮಾಡಿನ ತಳ್ಳಾಟದಿಂದ. ಓರೆಯಾಗಿ ಮೆಟ್ಟಿಲುಮೆಟ್ಟಿಲಾಗಿ ಹೋಗುವ ಬಿರುಕು ಪಾಯ ಕುಸಿದದ್ದರ ಗುರುತು. ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿಯನ್ನು ಜಿಪ್ಸಮ್‌ನಿಂದ ಅಂಟಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ.

ಈ ಗೋಡೆಗೆ ಸಿಮೆಂಟು ವಿಷ ಎಂದು ನೇರವಾಗಿ ಹೇಳಬೇಕಾಗುತ್ತದೆ. ಅಲ್ಲಿನ ಮರಳುಗಲ್ಲಿಗಿಂತ ಸಿಮೆಂಟು ಗಟ್ಟಿ, ನೀರಾವಿಯನ್ನು ಸುಲಭಕ್ಕೆ ಹೊರಬಿಡುವುದಿಲ್ಲ. ಸಂದಿಯಲ್ಲಿ ಸಿಮೆಂಟು ತುಂಬಿದರೆ ಗೋಡೆಯೊಳಗಿನ ತೇವ ಕಲ್ಲಿನ ಮುಖದಿಂದಲೇ ಹೊರಬರಬೇಕಾಗುತ್ತದೆ. ಉಪ್ಪು ಅಲ್ಲೇ ಕಟ್ಟಿಕೊಂಡು, ಹಿಮ ಅಲ್ಲೇ ಹಿಗ್ಗಿ, ಕಲ್ಲು ಸವೆದು ಸಿಮೆಂಟಿನ ಗೆರೆ ಮಾತ್ರ ಮುಂದಕ್ಕೆ ಚಾಚಿ ನಿಲ್ಲುತ್ತದೆ. 1960ರಿಂದ 80ರ ದಶಕದ ತನಕ ‘ಭದ್ರ ಮಾಡಿದ’ ಮನೆಗಳನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಅಂಥ ಗಿಲಾವನ್ನು ಉಳಿಯಿಂದ ಕೈಯಲ್ಲೇ ಬಿಡಿಸಬೇಕು. ಯಂತ್ರದ ಕಂಪನಕ್ಕೆ ಒಳಗಿನ ಚೂರು ಸಡಿಲವಾಗುತ್ತದೆ. ಬಿಡಿಸಿದ ಮೇಲೆ ಗೋಡೆ ಒಣಗಲು ಬಿಡಬೇಕು: ಒಂದೊಂದು ಮುಖದಿಂದ ತಿಂಗಳಿಗೆ ಎರಡೂವರೆ ಸೆಂಟಿಮೀಟರ್ ಎಂಬ ಅಂದಾಜಿನಲ್ಲಿ, ಚೆನ್ನಾಗಿ ನೆನೆದ 60 ಸೆಂಟಿಮೀಟರ್ ಗೋಡೆಗೆ ಒಂದು ವರ್ಷ.

ಬದಲಿಗೆ ಬಳಸುವುದು ನಮ್ಮ ಹಿರಿಯರಿಗೂ ಗೊತ್ತಿದ್ದ ಸುಣ್ಣದ ಗಾರೆ. ಅಲ್ಲಿ ಹೆಚ್ಚಾಗಿ ನೀರಿನಲ್ಲಿ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, ಎನ್ಎಚ್ಎಲ್ 3.5 ಎಂಬ ದರ್ಜೆಯದ್ದು. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ತೊಳೆದ ಒರಟು ಮರಳು. ಸಂದಿಯನ್ನು 2-3 ಸೆಂಟಿಮೀಟರ್ ಆಳಕ್ಕೆ ಕೆದಕಿ, ಗಟ್ಟಿ ಕಲ್ಲು ಸಿಗುವ ತನಕ ಬ್ರಷ್ ಹಾಕಿ, ಹಿಂದಿನ ದಿನವೇ ನೀರು ಉಣಿಸಿ, ಒತ್ತಿ ತುಂಬಬೇಕು. ಒಣ ಕಲ್ಲಿಗೆ ಮೆತ್ತಿದ ಗಾರೆ ನೀರು ಕಳೆದುಕೊಂಡು ಪುಡಿಯಾಗುತ್ತದೆ. 5 ಡಿಗ್ರಿಗಿಂತ ಕೆಳಗೆ ಸುಣ್ಣದ ಕೆಲಸ ಮಾಡಬಾರದು, ಹಸಿ ಗಾರೆಗೆ ಹಿಮ ಹೊಡೆದರೆ ಎಲ್ಲ ಉದುರುತ್ತದೆ. ಹಾಗಾಗಿ ಏಪ್ರಿಲ್‌ನಿಂದ ಅಕ್ಟೋಬರ್ ಮೊದಲರ್ಧದವರೆಗಷ್ಟೇ ಕೆಲಸದ ಕಾಲ, ಅದರಲ್ಲೂ ಆಗಸ್ಟ್ ನಡುವೆ ಇಟಲಿಗೆ ಇಟಲಿಯೇ ರಜೆ ಹಾಕುತ್ತದೆ.

ಈಗ ದಾರಿಯ ಲೆಕ್ಕ. 100 ಚದರ ಮೀಟರ್ ಗೋಡೆಗೆ ಸರಾಸರಿ ಎರಡೂವರೆ ಸೆಂಟಿಮೀಟರ್ ಗಾರೆ ಹಾಕಿದರೆ ಎರಡೂವರೆ ಘನ ಮೀಟರ್ ಗಾರೆ ಆಗುತ್ತದೆ. ಅದಕ್ಕೆ ಸುಮಾರು 4 ಟನ್ ಮರಳು, 25 ಕಿಲೋದ 22-23 ಚೀಲ ಸುಣ್ಣ. ಇದು ಗೋಡೆಗಳ ಒಂದು ಮುಖಕ್ಕೆ ಮಾತ್ರ. ಲಾರಿ ಮನೆಬಾಗಿಲಿಗೆ ಬರದೆ ಕೊನೆಯ 300 ಮೀಟರ್ ಸಣ್ಣ ಟ್ರಾಕ್ಟರಿನಲ್ಲೋ ಹೆಗಲ ಮೇಲೋ ಸಾಗಿಸಬೇಕಾದರೆ ಪ್ರತಿ ಟನ್ನಿಗೂ ಎರಡನೆಯ ಕೂಲಿ ಬೀಳುತ್ತದೆ. ಆಲ್ಪ್ಸ್‌ನಲ್ಲಿ ದಾರಿಯೇ ಇಲ್ಲದ ಮನೆಗಳಿಗೆ ಹೆಲಿಕಾಪ್ಟರಿನಲ್ಲಿ ಸಾಮಾನು ಇಳಿಸುವುದೂ ಉಂಟು. ಅಗ್ಗದ ಮನೆ ಅಗ್ಗವಾಗಿರುವುದಕ್ಕೆ ಎಷ್ಟೋ ಸಲ ಕಾರಣ ಆ ದಾರಿಯೇ.

ಮಾಡು ಹಗುರವಾಗಿರಲಿ, ಗೋಡೆಗಳ ಕೈ ಹಿಡಿಸಿ

ತೊಲೆಗಳು ಚೆಸ್ಟ್‌ನಟ್ ಮರದವು, ನೂರಾರು ವರ್ಷ ಬಾಳುತ್ತವೆ. ಕೆಡುವುದು ಗೋಡೆಯೊಳಗೆ ಹುದುಗಿದ ತುದಿ. ತಿರುಪುಳಿಯನ್ನು ಗೋಡೆಯ ಪಕ್ಕದ 30-40 ಸೆಂಟಿಮೀಟರಿನಲ್ಲಿ ಒತ್ತಿ ನೋಡಿ. ಬೆಣ್ಣೆಯ ಹಾಗೆ ಇಳಿದರೆ ತುದಿ ಕೊಳೆತಿದೆ. ನಡುವೆ ಗಟ್ಟಿ ಇದ್ದರೆ ಇಡೀ ತೊಲೆ ಎಸೆಯಬೇಕಿಲ್ಲ. ಕೊಳೆತ ತುದಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರದ ತುಂಡನ್ನು ಸರಳು ಮತ್ತು ರಾಳದಿಂದ ಬೆಸೆಯುತ್ತಾರೆ. ಮತ್ತೆ ಕೂರಿಸುವಾಗ ತುದಿಯ ಸುತ್ತ 2-3 ಸೆಂಟಿಮೀಟರ್ ಗಾಳಿ ಆಡಲು ಬಿಡಬೇಕು. ಸಿಮೆಂಟಿನಲ್ಲಿ ಹೂತರೆ ಮತ್ತದೇ ಕೊಳೆ.

ಹೆಂಚು ಇಳಿಸುವಾಗ ಒಂದೊಂದನ್ನೂ ಉಳಿಸಿಕೊಳ್ಳಿ. ಕೆಳಗಿನ ಸಾಲಿಗೆ ಹೊಸ ಹೆಂಚು, ಮೇಲೆ ಕಾಣುವ ಸಾಲಿಗೆ ಹಳೆಯವು ಎಂಬುದು ಅಲ್ಲಿಯ ರೂಢಿ. ನೀರು ಹರಿಯುವ ಕಡೆ ಬಿರುಕಿಲ್ಲದ ಹೆಂಚು ಇರುತ್ತದೆ, ನೋಟವೂ ಕೆಡುವುದಿಲ್ಲ. ಆಲ್ಪ್ಸ್ ಕಡೆಯ ಕಲ್ಲುಚಪ್ಪಡಿ ಮಾಡಾದರೆ ಲೆಕ್ಕವೇ ಬೇರೆ. ಚಪ್ಪಡಿಯ ಭಾರದ ಮೇಲೆ ಹಿಮದ ಭಾರ. ಇಟಲಿಯ 2018ರ ನಿರ್ಮಾಣ ನಿಯಮದ ಸೂತ್ರದಂತೆ ಆಲ್ಪ್ಸ್ ವಲಯದಲ್ಲಿ 1,000 ಮೀಟರ್ ಎತ್ತರದ ಊರಿನಲ್ಲಿ ನೆಲದ ಮೇಲಿನ ಹಿಮಕ್ಕೆ ಚದರ ಮೀಟರಿಗೆ ಸುಮಾರು 400 ಕಿಲೋ ಹಿಡಿಯಬೇಕು, 30 ಡಿಗ್ರಿವರೆಗಿನ ಇಳಿಜಾರಿನ ಮಾಡಿಗೆ ಅದರ ಶೇ. 80, ಅಂದರೆ 320 ಕಿಲೋದ ಆಸುಪಾಸು.

ಭಾರ ಎಂದಾಗ ನೆನಪಾಗಬೇಕಾದ್ದು ಕಾಂಕ್ರೀಟು ಮಾಡಿನ ಪಾಠ. 1976ರ ಫ್ರಿಯುಲಿ, 1980ರ ಇರ್ಪಿನಿಯಾ ಭೂಕಂಪಗಳ ನಂತರ ಹಳೆಯ ಮರದ ಮಾಡು ತೆಗೆದು, ಗೋಡೆಯ ತಲೆ ಕೆತ್ತಿ ಕಾಂಕ್ರೀಟು ಪಟ್ಟಿ ಹಾಕಿ, ಮೇಲೆ ಕಾಂಕ್ರೀಟು ಮಾಡು ಕೂರಿಸುವುದು ಸುರಕ್ಷೆಯ ಹೆಸರಲ್ಲಿ ಹಬ್ಬಿತು. 1997ರಲ್ಲಿ ಉಂಬ್ರಿಯಾ-ಮಾರ್ಕೆಯಲ್ಲಿ, ಮತ್ತೆ 2016ರಲ್ಲಿ ಮಧ್ಯ ಇಟಲಿಯಲ್ಲಿ ನೆಲ ನಡುಗಿದಾಗ ಆ ಭಾರದ ಮಾಡುಗಳು ಕೆಳಗಿನ ಸಡಿಲ ಗೋಡೆಯನ್ನು ಪುಡಿಮಾಡಿ ಇಡಿಯಾಗಿ ಕುಸಿದವು. ಈಗಿನ ದಾರಿ ಹಗುರ: ಮರದ ಮಾಡು, ಗೋಡೆಯ ತಲೆಗೆ ಉಕ್ಕಿನ ತೆಳು ಚೌಕಟ್ಟು ಅಥವಾ ಇಟ್ಟಿಗೆಯೊಳಗೆ ಸರಳು, ಪ್ರತಿ ಅಂತಸ್ತಿನ ಮಟ್ಟದಲ್ಲಿ ಎದುರು ಬದುರು ಗೋಡೆಗಳನ್ನು ಹಿಡಿಯುವ ಉಕ್ಕಿನ ಸರಳು, ಅದರ ತುದಿಗೆ ಹೊರಗೆ ಬೀಗದ ಹಾಗೆ ಕೂರುವ ಫಲಕ. ಹಳೆಯ ಮನೆಗಳ ಹೊರಗೋಡೆಯಲ್ಲಿ ಕಾಣುವ ಕಬ್ಬಿಣದ ಅಡ್ಡಪಟ್ಟಿ ಇದೇ. ಟೊಳ್ಳಾದ ಗೋಡೆಗೆ ಸುಣ್ಣದ ತೆಳು ದ್ರಾವಣವನ್ನು ತೂತುಗಳ ಮೂಲಕ ಕೆಳಗಿನಿಂದ ಮೇಲಕ್ಕೆ, ಕಡಿಮೆ ಒತ್ತಡದಲ್ಲಿ ಹನಿಸುತ್ತಾರೆ. ಒತ್ತಡ ಹೆಚ್ಚಾದರೆ ಉಬ್ಬಿದ ಗೋಡೆ ಇನ್ನಷ್ಟು ಉಬ್ಬುತ್ತದೆ.

ಕೊಟ್ಟಿಗೆಯನ್ನು ಕೊಟ್ಟಿಗೆಯಾಗಿಯೇ ಬಿಡಬಹುದು

ವಾಸದ ಕೋಣೆಗೆ 1975ರ ನಿಯಮದಂತೆ 2.70 ಮೀಟರ್ ಎತ್ತರ ಬೇಕು, 1,000 ಮೀಟರ್ ಮೇಲಿನ ಊರುಗಳಲ್ಲಿ 2.55. ಕಿಟಕಿ ನೆಲದ ಎಂಟನೇ ಒಂದು ಭಾಗ. 2024ರ ತಿದ್ದುಪಡಿ ಕೆಲವು ಷರತ್ತಿನಲ್ಲಿ 2.40ಕ್ಕೂ ಒಪ್ಪುತ್ತದೆ. ಕೊಟ್ಟಿಗೆಯ ಎತ್ತರ ಎಷ್ಟೋ ಕಡೆ ಎರಡು ಮೀಟರಿನ ಆಸುಪಾಸು. ನೆಲ ಇಳಿಸೋಣ ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಅಲ್ಲೇ ಪಾಯದ ಬುಡ ಬಯಲಾಗುವುದು. ಮೀಟರ್ ಮೀಟರಿನಂತೆ ಒಂದು ಬಿಟ್ಟು ಒಂದು ತುಂಡು ಅಗೆದು ಪಾಯ ಇಳಿಸುವ ಕೆಲಸ ಸಾಧ್ಯ, ದುಬಾರಿ. ನಮ್ಮ ಅಭಿಪ್ರಾಯದಲ್ಲಿ ಆ ಹಣ ಮಾಡಿಗೆ ಹೋಗಲಿ, ಕೊಟ್ಟಿಗೆ ಸೌದೆ, ಬಾಯ್ಲರ್, ಸೈಕಲ್ ಇಡಲು ಇರಲಿ. ನೆಲ ಮಾಡಲೇಬೇಕಾದರೆ ಮಣ್ಣಿನ ಮೇಲೆ ನೇರ ಕಾಂಕ್ರೀಟು ಸುರಿಯದೆ, ಕೆಳಗೆ ಗಾಳಿಯಾಡುವ ಟೊಳ್ಳು ಬಿಟ್ಟು, ತೂತುಗಳನ್ನು ಎದುರು ಬದುರು ಗೋಡೆಗೆ ತೆರೆಯಬೇಕು. ಗಾಳಿ ಕಟ್ಟಿದರೆ ನೆಲದ ತೇವವೆಲ್ಲ ಗೋಡೆ ಹತ್ತುತ್ತದೆ.

ಪುರಸಭೆಯ ಒಳಚರಂಡಿ ಇಲ್ಲದ ಕಡೆ ಇಂಹೋಫ್ ತೊಟ್ಟಿ (ಕೊಳಚೆಯ ಗಸಿ ಕೆಳಗಿನ ಅರೆಯಲ್ಲಿ ಕೂರುವ ಎರಡು ಅರೆಯ ತೊಟ್ಟಿ) ಹಾಕಿ, ಅದರ ನೀರನ್ನು ತೂತಿನ ಪೈಪಿನ ಮೂಲಕ ಮಣ್ಣಿಗೆ ಇಂಗಿಸುತ್ತಾರೆ. 1977ರ ರಾಷ್ಟ್ರೀಯ ನಿಯಮದಲ್ಲಿ ಪೈಪಿನ ಉದ್ದ ಮಣ್ಣಿನ ಮೇಲೆ ನಿಂತಿದೆ: ನಯ ಮರಳಿಗೆ ತಲೆಗೆ 2 ಮೀಟರ್, ಜೇಡಿ ಬೆರೆತ ಮರಳಿಗೆ 5, ಸ್ವಲ್ಪ ಮರಳಿರುವ ಜೇಡಿಗೆ 10, ಗಟ್ಟಿ ಜೇಡಿಗೆ ಸಲ್ಲದು. ನಾಲ್ವರ ಮನೆಗೆ 20 ಮೀಟರೋ 40 ಮೀಟರೋ ಎಂಬುದನ್ನು ಭೂವಿಜ್ಞಾನಿ ಹೇಳಬೇಕು. ಕುಡಿಯುವ ನೀರಿನ ಬಾವಿ, ಕೊಳವೆಯಿಂದ 30 ಮೀಟರ್ ದೂರ. ಮೆಟ್ಟಿಲುಗದ್ದೆಯ ಒಣಕಲ್ಲಿನ ಒಡ್ಡಿನ ಹಿಂದೆ ಈ ನೀರು ಬಿಟ್ಟರೆ ಒಡ್ಡೇ ಜಾರುತ್ತದೆ.

ಗುತ್ತಿಗೆ

ಗುತ್ತಿಗೆ ಕೊಡುವಾಗ ಪ್ರಾಂತ್ಯ ಹೊರಡಿಸುವ ದರಪಟ್ಟಿಯ ಆಧಾರದ ಮೇಲೆ ಬಾಬ್ತುವಾರು ಅಂದಾಜು ಮಾಡಿಸಿ. ಮಾಡು, ಕಿಟಕಿಗಳಿಗೆ ಒಟ್ಟು ಮೊತ್ತ ಗೊತ್ತುಮಾಡಬಹುದು. ಗೋಡೆ, ಅಗೆತಗಳನ್ನು ಅಳತೆಯ ಮೇಲೆಯೇ ಕೊಡಿ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲದ್ದಕ್ಕೆ ಒಟ್ಟು ಮೊತ್ತ ಹೇಳುವವರು ಒಂದೋ ಹೆಚ್ಚು ಹೇಳುತ್ತಾರೆ, ಇಲ್ಲವೇ ನಡುವೆ ಬಿಟ್ಟು ಹೋಗುತ್ತಾರೆ. ಅಂದಾಜಿನ ಮೇಲೆ ಶೇ. 20 ಪಕ್ಕಕ್ಕಿಟ್ಟಿರಿ. ದುರಸ್ತಿ ಕೂಲಿಯ ಮೇಲೆ ಮೌಲ್ಯವರ್ಧಿತ ತೆರಿಗೆ ಸಾಮಾನ್ಯವಾಗಿ ಶೇ. 10, ಎಂಜಿನಿಯರ್ ಮತ್ತು ಜೆಯೊಮೆತ್ರಾ ಶುಲ್ಕದ ಮೇಲೆ, ನೀವೇ ಕೊಳ್ಳುವ ಸಾಮಾನಿನ ಮೇಲೆ ಶೇ. 22. ಇಟಲಿ ಸರ್ಕಾರದ ದುರಸ್ತಿ ಪ್ರೋತ್ಸಾಹ ಆದಾಯ ತೆರಿಗೆಯ ಕಡಿತದ ರೂಪದಲ್ಲಿ ಬರುತ್ತದೆ. ಅಲ್ಲಿ ತೆರಿಗೆ ಕಟ್ಟದವರಿಗೆ ಅದರಿಂದ ಏನೂ ಸಿಗದು. ಒಂದಕ್ಕಿಂತ ಹೆಚ್ಚು ಗುತ್ತಿಗೆದಾರರಿದ್ದರೆ ಕಾನೂನಿನಂತೆ ಸುರಕ್ಷತಾ ಸಂಯೋಜಕರು ಬೇಕು. ಅವರಿಲ್ಲದೆ ಅಪಘಾತವಾದರೆ ಮಾಲೀಕರೂ ಹೊಣೆ.

ಹಣವನ್ನು ಕೆಲಸದ ಹಂತ ಮುಗಿದಂತೆ, ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಮೇಲ್ವಿಚಾರಕರು ಅಳೆದು ಬರೆದುಕೊಟ್ಟ ಮೇಲೆ ಕೊಡಿ. ಪ್ರತಿ ಬಿಲ್ಲಿನಿಂದ ಶೇ. 5ರಿಂದ 10 ಹಿಡಿದಿಟ್ಟುಕೊಳ್ಳುವ ಮಾತನ್ನು ಕರಾರಿನಲ್ಲೇ ಬರೆಸಿ, ಅದನ್ನು ಬಿಡುವ ದಿನವನ್ನು ಬೇಸಿಗೆಯ ಕೊನೆಗಲ್ಲ, ಮುಂದಿನ ವಸಂತಕ್ಕೆ ಇಡಿ. ನಡುವಿನ ನವೆಂಬರ್‌ನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯುವಾಗ ಟಾರ್ಚ್ ಹಿಡಿದು ಒಳಗೆ ಹೋಗಿ: ಹೊಗೆಕೊಳವೆ ಮಾಡನ್ನು ತೂರುವ ಜಾಗ, ಮಾಡು-ಗೋಡೆ ಸೇರುವ ಅಂಚು, ಮಣ್ಣಿಗೆ ಆತ ಹಿಂದಿನ ಗೋಡೆಯ ಬುಡ, ಕಾಲುವೆಯ ಪೈಪು ಹೊರಬೀಳುವ ಬಾಯಿ. ಪೈಪಿನ ಬಾಯಲ್ಲಿ ನೀರು ಸುರಿಯುತ್ತಿರಬೇಕು, ಗೋಡೆಯ ಬುಡ ಕೈಗೆ ಒಣಗಿದ್ದಿರಬೇಕು. ಹೊರಡುವ ಮುಂಚೆ ನೀರಿನ ಮುಖ್ಯ ಕೀಲಿ ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪು ಖಾಲಿಮಾಡಿ, ಬಾಯ್ಲರಿನ ನೀರನ್ನೂ ಇಳಿಸಿ ಬನ್ನಿ.